ಹಂಚಿಗೆ ರಜೆ ಗಿಟ್ಟಿಸಿದ ಪಂಚಮಿ

ಮಾತಿನಲ್ಲಿ ನನ್ನನ್ನು ಸೋಲಿಸಿದವರು ಕಡಿಮೆ. ಇಳಕಲ್ ಸೀರೆ, ಗುಳೇದಗುಡ್ಡದ ಖಣಗಳ ಗಂಟು ಕಟ್ಟಿ ಹೆಗಲಿಗೇರಿಸಿಕೊಂಡು ನವಿ ಮುಂಬಯಿಯ ಕೋಪರಖೈರಣೆಯ ಕಟ್ಟಡ ಕಟ್ಟಡದ ಮೆಟ್ಟಿಲು ಹತ್ತಿ ಇಳಿದವಳು ನಾನು. ಬಾಗಿಲ ಸಂದಿಯಿಂದಲೇ ‘ನಕೋ, ನಕೋ’ ಅನ್ನುತ್ತಿದ್ದ ಹೆಂಗಸರು ಸ್ವಲ್ಪ ಹೊತ್ತಿಗೆ ನನ್ನನ್ನು ಒಳಗೆ ಕೂರಿಸಿ, ಚಹಾ ಕೊಟ್ಟು, ಕೆಂಪು ದಡಿ ಚೆಂದವೋ ಹಸಿರು ದಡಿ ಚೆಂದವೋ ಎಂದು ಕೇಳಲು ಅಕ್ಕಪಕ್ಕದವರನ್ನೂ ಕರೆಯುತ್ತಿದ್ದರು. ಆಮೇಲೆ ಮಾರ್ಕೆಟ್ಟಿನಲ್ಲಿ ಪುಟ್ಟದೊಂದು ಅಂಗಡಿ ಹಿಡಿದೆ. ಅದಕ್ಕೂ ಬಂಡವಾಳ ಈ ನಾಲಿಗೆಯೇ. ಅಂಥ ನಾನು ಮನೆಯೊಳಗೆ ಒಂದು ದಿನದ ರಜೆಗಾಗಿ ತಿಂಗಳುಗಟ್ಟಲೆ ಚೌಕಾಸಿ ಮಾಡಿದೆ. ರಜೆ ಬೇಕಿದ್ದದ್ದು ನನಗಲ್ಲ, ನಮ್ಮ ಅತ್ತೆಗೆ. ಬೇಡ ಎನ್ನುತ್ತಿದ್ದವರೂ ಅವರೇ!

ಕೆಲಸ ಯಾವುದೆಂದರೆ ರೊಟ್ಟಿ ಬಡಿಯುವುದು. ನಾವು ಬಾಗಲಕೋಟೆ ಕಡೆಯವರು. ಜೋಳದ ರೊಟ್ಟಿ ಇಲ್ಲದ ಊಟವನ್ನು ನಮ್ಮ ಮನೆಯಲ್ಲಿ ಊಟವೆಂದು ಕರೆಯುವುದಿಲ್ಲ, ನಾಷ್ಟಾ ಎನ್ನುತ್ತಾರೆ. ಬೆಳಕು ಹರಿಯುವ ಮೊದಲೇ ಅತ್ತೆ ಎದ್ದು, ಎಸರು ಕುದಿಸಿ, ಹಿಟ್ಟು ನಾದಿ, ಗ್ಯಾಸಿನ ಮೇಲೆ ಕಬ್ಬಿಣದ ಹಂಚು ಇಟ್ಟು ಶುರು ಮಾಡುತ್ತಿದ್ದರು: ಪಟಪಟ, ಪಟಪಟ. ಕೆಳಗಿನ ಮನೆಯ ಉಡುಪಿ ಕಡೆಯ ಅಕ್ಕ ಆ ಸದ್ದಿಗೇ ಎದ್ದು ಮಕ್ಕಳ ಡಬ್ಬಿ ಕಟ್ಟುತ್ತಿದ್ದಳು. “ನಿಮ್ಮ ಅತ್ತೆ ಇರುವಾಗ ನಮಗೆ ಅಲಾರಾಂ ಎಂತಕ್ಕೆ ಮಾರಾಯ್ತಿ?” ಎಂದು ನಗುತ್ತಿದ್ದಳು. ನನ್ನ ಗಂಡ ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಸರಳು, ಪೈಪು ತೂಗಿಸಿ ಲಾರಿ ಹೇರಿಸುವ ಕೆಲಸದಲ್ಲಿದ್ದರು. ಅಲ್ಲಿ ಅವರ ಡಬ್ಬಿ ತೆಗೆದರೆ ಸಾಕು, ಬಿಹಾರದವರು, ಪಂಜಾಬಿನವರು ಎಲ್ಲರ ಕೈಗಳೂ ಅದರೊಳಗೆ. ಹಾಗಾಗಿ ಮಗನಿಗೆ ಬೇಕಾದದ್ದಕ್ಕಿಂತ ದೊಡ್ಡ ರೊಟ್ಟಿ ಥಪ್ಪಿಯನ್ನೇ ಅತ್ತೆ ಬಡಿಯಬೇಕು.

ಒಂದು ವರ್ಷ ಬೇಸಿಗೆಯಲ್ಲಿ ಅವರ ಬಲ ಭುಜ ಹಿಡಿದುಕೊಂಡಿತು. ತಲೆ ಬಾಚಿ ತುರುಬು ಕಟ್ಟಿಕೊಳ್ಳಲು ಕೈ ಮೇಲೇಳದೆ ನನ್ನ ಮುಂದೆ ಬೆನ್ನು ಮಾಡಿ ಕೂರತೊಡಗಿದರು. ವಾಶಿಯ ಡಾಕ್ಟರು ನೋಡಿ, ಈ ಬಡಿಯುವ ಕೆಲಸ ಕಡಿಮೆ ಮಾಡದಿದ್ದರೆ ಮುಂದೆ ಈ ಕೈಯಿಂದ ತುತ್ತು ಎತ್ತುವುದೂ ಕಷ್ಟ ಎಂದರು. ಅತ್ತೆ ತಲೆಯಾಡಿಸಿದರು. ಮರುದಿನ ಬೆಳಿಗ್ಗೆ ಪಟಪಟ, ಪಟಪಟ.

ನಾನು ಚೌಕಾಸಿಗೆ ಇಳಿದೆ.

“ಅತ್ತೀ, ನಾಳೆ ನೀವು ಮಲಕೊಳ್ರಿ. ನಾ ಬಡೀತೀನಿ.”

“ನಿನ್ನ ರೊಟ್ಟಿ ನೋಡೀನವಾ. ಹವಾಯಿ ಚಪ್ಪಲಿ ಇದ್ದಂಗ ಇರ್ತೈತಿ.”

“ಹಂಗಾರ ಊರಿಂದ ಕಡಕ್ ರೊಟ್ಟಿ ತರಿಸೋಣು. ತಿಂಗಳಗಟ್ಲೆ ಇರ್ತಾವ.”

“ಮನ್ಯಾಗ ನಾ ಇಷ್ಟ ಗಟ್ಟಿಮುಟ್ಟ ಇದ್ದಾಗ, ನನ್ನ ಮಗ ಹಪ್ಪಳ ಕಡದಂಗ ಕಡೀಬೇಕೇನು?”

“ಹೋಗ್ಲಿ, ಐತವಾರ ಒಂದ ದಿನ ಅನ್ನ ಸಾರು ಮಾಡೋಣು.”

“ಎಲ್ಲಾರೂ ಮನ್ಯಾಗ ಕುಂತು ಬಿಸಿ ರೊಟ್ಟಿ ತಿನ್ನೋದು ಅದೊಂದ ದಿನ. ಅವತ್ತ ಹಂಚು ತಣ್ಣಗ ಇಡ್ಲೇನು? ಹೋಗ, ಅಂಗಡಿಗೆ ಹೊತ್ತಾತು.”

ಇದನ್ನು ಓದುವ ಸೊಸೆಯಂದಿರಿಗೆ ಒಂದು ಮಾತು ಹೇಳುತ್ತೇನೆ, ಬರೆದಿಟ್ಟುಕೊಂಡರೂ ನಷ್ಟವಿಲ್ಲ. ದುಡಿದು ಬದುಕಿದ ಮನುಷ್ಯರಿಗೆ ‘ನಿಮ್ಮ ಕೈಲಿ ಆಗೋದಿಲ್ಲ, ಬಿಡಿ’ ಎಂದು ಯಾವತ್ತೂ ಹೇಳಬೇಡಿ. ಹಾಗೆ ಹೇಳಿದರೆ ಇನ್ನೂ ಎರಡು ಪಟ್ಟು ಮಾಡಿ ತೋರಿಸುತ್ತಾರೆ. ಕೆಲಸ ಬಿಡಿಸಬೇಕಾದರೆ ಬಿಡುವುದಕ್ಕೆ ಮರ್ಯಾದೆಯ ಒಂದು ಕಾರಣ ಕೊಡಬೇಕು. ಗಿರಾಕಿಗೆ ‘ಇದು ನಿಮಗೆ ದುಬಾರಿ’ ಎಂದು ಹೇಳಿ ಅಗ್ಗದ ಸೀರೆ ತೋರಿಸಿದರೆ ಆಕೆ ಎದ್ದು ಹೋಗುತ್ತಾಳೆ. ‘ಈ ಬಣ್ಣ ನಿಮ್ಮ ಮೈಬಣ್ಣಕ್ಕೆ ಒಪ್ಪುತ್ತದೆ’ ಎಂದು ಅದನ್ನೇ ತೋರಿಸಿ, ಖುಷಿಯಿಂದ ಕಟ್ಟಿಸಿಕೊಳ್ಳುತ್ತಾಳೆ.

ಆ ಕಾರಣವನ್ನು ನಾನು ಹುಡುಕುತ್ತಿದ್ದಾಗಲೇ ನಾಗರ ಪಂಚಮಿ ಬಂತು. ನಮ್ಮ ಕಡೆ ಆ ದಿನ ಒಲೆಯ ಮೇಲೆ ಹಂಚು ಇಡುವಂತಿಲ್ಲ. ಹಂಚೆಂದರೆ ನಾಗಪ್ಪನ ಹೆಡೆ, ಅದನ್ನು ಕಾಯಿಸಬಾರದು. ಕರಿಯಬಾರದು, ಹೆಚ್ಚಬಾರದು. ಕುದಿಸಿದ್ದು, ಹಬೆಯಲ್ಲಿ ಬೆಂದದ್ದು ಅಷ್ಟೇ. ರೊಟ್ಟಿ ಬಡಿಯುವ ಹೆಂಗಸಿಗೆ ವರ್ಷಕ್ಕೊಮ್ಮೆ ದೇವರೇ ಮಂಜೂರು ಮಾಡಿದ ರಜೆ! ಈ ಒಂದು ದಿನವನ್ನಾದರೂ ಪೂರ್ತಿ ರಜೆಯ ಹಾಗೆ ಮಾಡಬೇಕು, ಅತ್ತೆಯ ಕೈಯಲ್ಲಿ ಸೌಟನ್ನೂ ಹಿಡಿಸಬಾರದು, ರಜೆಯ ರುಚಿ ಹತ್ತಿದರೆ ಮುಂದಿನದ್ದು ನೋಡಿಕೊಳ್ಳೋಣ ಎಂದು ಲೆಕ್ಕ ಹಾಕಿದೆ.

ಠಾಣೆಯಾಚೆ ದಿವಾದಲ್ಲಿದ್ದ ನಾದಿನಿಗೆ ಫೋನ್ ಮಾಡಿದೆ. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರಬೇಕಲ್ಲ.

“ಬರ್ತೀನಿ ವೈನಿ, ಆದ್ರ ಜೋಕಾಲಿ ಇಲ್ಲದ ಪಂಚಮಿ ಎಂಥಾ ಪಂಚಮಿ? ನಿಮ್ಮ ಬಿಲ್ಡಿಂಗಿನಾಗ ಒಂದ ಗಿಡಾನೂ ಇಲ್ಲ.”

“ನೀ ಬಾ. ಗಿಡಾ ನಾ ನಿಂದ್ರಸ್ತೀನಿ.”

ಹೊರಗೆ ಶ್ರಾವಣದ ಮಳೆ. ಮರವಿದ್ದರೂ ಜೋಕಾಲಿ ಕಟ್ಟುವಂತಿರಲಿಲ್ಲ. ಆದರೆ ಕೆಳಗೆ ಪಾರ್ಕಿಂಗಿನಲ್ಲಿ, ಗಣಪತಿ ಮಂಟಪಕ್ಕೆಂದು ತೊಲೆಗೆ ಹಾಕಿಸಿದ್ದ ದಪ್ಪ ಕಬ್ಬಿಣದ ಕೊಂಡಿಗಳಿದ್ದವು. ನಾನು ಅವನ್ನು ಎಷ್ಟೋ ಸಲ ನೋಡಿ ಸುಮ್ಮನೆ ಹೋಗಿದ್ದೆ. ಆ ದಿನ ನೋಡಿದವಳೇ ನೇರವಾಗಿ ಸೊಸೈಟಿಯ ಸೆಕ್ರೆಟರಿಯ ಮನೆಗೆ ನಡೆದೆ. ಸಾತಾರಾ ಕಡೆಯ ಮನುಷ್ಯ, ನಿಯಮ ಎಂದರೆ ಪ್ರಾಣ.

“ಭಾಭೀ, ಪಾರ್ಕಿಂಗ್ ಮೇ ಝೂಲಾ? ಕೋಯಿ ಗಿರ್ ಗಯಾ ತೋ?” ಎಂದು, ಜೋಕಾಲಿಯಿಂದ ಯಾರಾದರೂ ಬಿದ್ದರೆ ಎಂಬ ಚಿಂತೆಯಲ್ಲಿ ಕನ್ನಡಕ ತೆಗೆದಿಟ್ಟರು.

ಕೆಲವರು ಇಲ್ಲಿ ಬೇಡಿಕೊಳ್ಳುತ್ತಾರೆ. ನಾನು ಬೇಡಲಿಲ್ಲ. ಒಳಕೋಣೆಯಲ್ಲಿ ಅವರ ತಾಯಿ ಕೂತು ಪಂಚಮಿಗೆ ಮೆಹಂದಿ ಹಚ್ಚಿಸಿಕೊಳ್ಳುತ್ತಿದ್ದರು. ಮರಾಠಿಯವರಿಗೂ ಪಂಚಮಿಯ ಜೋಕಾಲಿ ಎಂದರೆ ಅಷ್ಟೇ ಜೀವ. ಅವರಿಗೆ ಕೇಳುವಷ್ಟು ಗಟ್ಟಿಯಾಗಿ, “ಪಹಿಲಾ ಝೋಕಾ ಆಯೀಂಚಾ!” ಎಂದೆ. ಮೊದಲ ಜೀಕು ಅಜ್ಜಿಯದು ಅಂತ. ಒಳಗಿನಿಂದ ಅಜ್ಜಿ ಮೆಹಂದಿಯ ಕೈ ಎತ್ತಿಕೊಂಡೇ ಬಂದು ಮಗನನ್ನು ಒಂದು ನೋಟ ನೋಡಿದರು. ಸೆಕ್ರೆಟರಿ ಕನ್ನಡಕ ಮತ್ತೆ ಹಾಕಿಕೊಂಡು, ಯಾರ ಗಾಡಿ ಎಲ್ಲಿ ಸರಿಸಬೇಕು ಎಂದು ಯೋಚಿಸತೊಡಗಿದರು. ಗಂಡ ಕಳಂಬೋಲಿಯಿಂದ ಲಾರಿಗೆ ಬಿಗಿಯುವ ಹೊಸ ಹಗ್ಗ ತಂದು, ಕೊಂಡಿಗೆ ತಾವೇ ಜೋತುಬಿದ್ದು ಪರೀಕ್ಷೆ ಮಾಡಿದರು. ಅವರು ನನಗಿಂತ ಹೆಚ್ಚು ಕುಣಿಯುತ್ತಿದ್ದರು.

ಪಂಚಮಿಯ ಹಿಂದಿನ ದಿನ ರೊಟ್ಟಿ ಹಬ್ಬ. ನಾಳೆ ಹಂಚಿಲ್ಲವೆಂದು ಇವತ್ತೇ ಜೋಳದ ರೊಟ್ಟಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಎಲ್ಲ ಮಾಡಿ, ಪಲ್ಯ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿಯ ಜೊತೆ ನೆರೆಮನೆಗಳಿಗೆ ಹಂಚುವ ರೂಢಿ. ನನಗಿದು ಹೊಳೆದೇ ಇರಲಿಲ್ಲ ನೋಡಿ! ಒಂದು ದಿನದ ರಜೆಗೆ ಮುಂಗಡವಾಗಿ ಹಿಂದಿನ ದಿನವೇ ದುಪ್ಪಟ್ಟು ದುಡಿಮೆ. ಸಂಜೆ ಅಂಗಡಿಯಿಂದ ಬಂದಾಗ ಅಡುಗೆಮನೆಯಲ್ಲಿ ರೊಟ್ಟಿಯ ಗೋಪುರಗಳು. ಅತ್ತೆ ಎಡಗೈಯಿಂದ ಬಲ ಭುಜ ಹಿಡಿದುಕೊಂಡು ಗೋಡೆಗೆ ಒರಗಿದ್ದರು.

“ಇಷ್ಟ ಯಾಕ ಬಡದ್ರಿ ಅತ್ತೀ? ಡಾಕ್ಟರ್ ಏನಂದಿದ್ರು?”

“ನಾಳೆ ಹೆಂಗೂ ಸೂಟಿ ಐತಲ್ಲ. ನೀನ ಹೇಳಾಕತ್ತಿದ್ದಿ.”

ನನ್ನ ಸರಕನ್ನು ನನಗೇ ಮಾರಿದರು. ಬೆಳಿಗ್ಗೆ ಬೇಗ ಏಳಬೇಡಿ, ಕಡಬು ನಾವು ಮಾಡುತ್ತೇವೆ ಎಂದು ಹೇಳಿ, ಭುಜಕ್ಕೆ ಎಣ್ಣೆ ತಿಕ್ಕಿದೆ.

ಪಂಚಮಿಯ ಬೆಳಿಗ್ಗೆ ನನಗೆ ಎಚ್ಚರವಾದದ್ದು ಎಂದಿನ ಸದ್ದಿಗೆ. ಪಟಪಟ, ಪಟಪಟ. ದಿನಾ ಕೇಳುವ ಸದ್ದಲ್ಲವೇ, ಹೊದಿಕೆ ಎಳೆದುಕೊಂಡು ಮಗ್ಗುಲು ಬದಲಿಸಿದೆ. ಮರುಕ್ಷಣ ಎದ್ದು ಕೂತೆ. ಇವತ್ತು ಪಂಚಮಿ!

ಓಡಿ ಹೋಗಿ ನೋಡಿದರೆ, ಅತ್ತೆ ಸ್ನಾನ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಕಣ್ಣು ಅರೆ ಮುಚ್ಚಿ ಆರಾಮವಾಗಿ ರೊಟ್ಟಿ ಬಡಿಯುತ್ತಿದ್ದಾರೆ. ಹಂಚಿನ ಮೇಲೆ ಮೊದಲ ರೊಟ್ಟಿ ಉಬ್ಬಿ ನಿಂತಿದೆ.

“ಅತ್ತೀ... ಇವತ್ತ ಪಂಚಮಿ.”

ಅವರ ಕೈ ಹಿಟ್ಟಿನ ಮೇಲೆ ಹಾಗೆಯೇ ನಿಂತಿತು. ಹಂಚನ್ನು ನೋಡಿದರು, ನನ್ನನ್ನು ನೋಡಿದರು. ನಾನು ಗ್ಯಾಸ್ ಆರಿಸಿದೆ.

“ಅಯ್ಯಯ್ಯೋ ನನ್ನವ್ವ! ಕೈ ತಾನ ಹೋಗಿ ಇಟ್ಟ ಬಿಟ್ಟೈತಿ. ನಾಗಪ್ಪನ ಹೆಡಿ ಸುಟ್ಟನಲ್ಲೇ!”

ಆ ರೂಢಿಯನ್ನು ನಮಗೆಲ್ಲ ಕಲಿಸಿದವರೇ ಅವರು. ಪಂಚಮಿಯ ದಿನ ಈಳಿಗೆಯನ್ನು ಬಟ್ಟೆ ಸುತ್ತಿ ಎತ್ತಿಡುತ್ತಿದ್ದ ಹೆಂಗಸು. ಸದ್ದಿಗೆ ಗಂಡ ಎದ್ದು ಬಂದರು, ದಿವಾದಿಂದ ಹಿಂದಿನ ಸಂಜೆಯೇ ಬಂದಿದ್ದ ನಾದಿನಿ ಎದ್ದು ಬಂದಳು. ಗಂಡ ವಿಷಯ ತಿಳಿದು ಹಂಚಿನ ಮೇಲೆ ಬಗ್ಗಿದರು. ಆಮೇಲೆ ಉಬ್ಬಿದ ರೊಟ್ಟಿಯನ್ನೇ ನೋಡುತ್ತ, “ಸುಟ್ಟದ್ದು ಸುಟ್ಟಾತು. ಅದೊಂದ ರೊಟ್ಟಿ ನನಗರ ಕೊಡಬೇ” ಎಂದರು.

“ಮುಟ್ಟಿದ್ರ ನೋಡ ಮತ್ತ!” ಎಂದರು ಅತ್ತೆ. ದನಿಯಲ್ಲಿ ಅಳು ಇತ್ತು. “ಏ ಯವ್ವಾ, ಊರ ಸ್ವಾಮ್ಯಾರಿಗೆ ಫೋನ್ ಹಚ್ಚ. ಇದಕ್ಕೇನ ಪರಿಹಾರ ಕೇಳ.”

ನನ್ನ ತಲೆಯೊಳಗೆ ಒಂದು ದೀಪ ಹತ್ತಿತು. ಇಷ್ಟು ದಿನ ನಾನು ಹುಡುಕುತ್ತಿದ್ದ ಮರ್ಯಾದೆಯ ಕಾರಣ, ಹಂಚಿನ ಮೇಲೆ ತಾನಾಗಿ ಉಬ್ಬಿ ಕೂತಿತ್ತು!

“ಸ್ವಾಮ್ಯಾರು ಇವತ್ತ ಹಾಲೆರೆಯೋ ಗದ್ದಲದಾಗ ಫೋನ್ ಎತ್ತೂದಿಲ್ಲ ಅತ್ತೀ. ಹಂಚಿನಿಂದ ಆದ ತಪ್ಪು, ಹಂಚಿನಿಂದನ ತೀರಸಬೇಕು. ಹಿಂಗ ಮಾಡ್ರಿ, ಈ ಶ್ರಾವಣ ಪೂರ್ತಿ ಹಂಚು ಇಡಬ್ಯಾಡ್ರಿ.”

ಮೊದಲು ದೊಡ್ಡದನ್ನೇ ಕೇಳಬೇಕು. ಇಳಿಯಲು ಮೆಟ್ಟಿಲು ಇರಬೇಕಲ್ಲ.

“ತಿಂಗಳ ಪೂರ್ತಿ? ಹುಚ್ಚ ಹಿಡದೈತೇನ ನಿನಗ? ಮಂದಿ ಏನ ತಿನ್ನಬೇಕು?”

“ಹಂಗಾರ ಸೋಮವಾರ, ಸೋಮವಾರ ಬಿಡ್ರಿ.”

“ಸೋಮವಾರ ಶಿವಪ್ಪಂದು. ನಾ ತಪ್ಪ ಮಾಡಿದ್ದು ನಾಗಪ್ಪಗ.” ಅಳುವಿನ ನಡುವೆಯೂ ಲೆಕ್ಕ ತಪ್ಪಲಿಲ್ಲ ನೋಡಿ.

ಅಷ್ಟರಲ್ಲಿ ಬಾಗಿಲು ತೆರೆದು ಕೆಳಗಿನ ಮನೆಯ ಅಕ್ಕ ಬಂದಳು. ಕೈಯಲ್ಲಿ ಅರಿಶಿನ ಎಲೆಯಲ್ಲಿ ಬೇಯಿಸಿದ ಬಿಸಿ ಕಡುಬು, ಮನೆಯೆಲ್ಲ ಅದರ ಘಮ. ವಿಷಯ ಕೇಳಿದವಳೇ ಜೋರಾಗಿ ನಕ್ಕಳು.

“ಅಯ್ಯೋ, ಅದಕ್ಕೆಂತ ಅಜ್ಜಿ? ನಮ್ಮಲ್ಲಿ ಹಾಗೆಲ್ಲ ಇಲ್ಲ. ನಾನು ಬೆಳಿಗ್ಗೆ ಕಾವಲಿ ಇಟ್ಟು ಮಕ್ಕಳಿಗೆ ದೋಸೆ ಹುಯ್ದೇ ಬಂದದ್ದು.”

ವ್ಯಾಪಾರ ಕುದುರುವ ಹೊತ್ತಿಗೆ ಮೂರನೆಯವರು ಬಂದು ‘ಪಕ್ಕದ ಅಂಗಡಿಯಲ್ಲಿ ಇದೇ ಸೀರೆ ನೋಡಿದೆ’ ಅಂದ ಹಾಗಾಯಿತು. ಅತ್ತೆಯ ಮುಖ ಆಗಲೇ ಸ್ವಲ್ಪ ಹಗುರಾಗತೊಡಗಿತ್ತು. ನಾನು ಅಕ್ಕನ ಹತ್ತಿರ ಸರಿದು ಅವಳ ಕಾಲ ಬೆರಳ ಮೇಲೆ ನನ್ನ ಕಾಲಿಟ್ಟೆ. ಅತ್ತೆಯ ಭುಜದ ಕಡೆ ಕಣ್ಣಲ್ಲೇ ತೋರಿಸಿದೆ. ಬೆಳಗಿನ ಸದ್ದಿನಲ್ಲಿ ಈಚೆಗೆ ನಡುನಡುವೆ ನಿಲುಗಡೆ ಬರುತ್ತಿರುವುದನ್ನು ಅವಳೂ ಕೇಳಿಸಿಕೊಂಡಿದ್ದವಳು. ತಟ್ಟನೆ ತಿಳಿದುಕೊಂಡಳು.

“ಆದರೆ ಅಜ್ಜಿ... ನಾಗನ ವಿಷಯ ಅಂದ್ರೆ ಮಾತ್ರ ನಮ್ಮ ಊರಲ್ಲೂ ಭಯ ಉಂಟು. ನಿಮಗೆ ಆ ನಿಯಮ ಇದ್ದ ಮೇಲೆ ದೋಷವೂ ಉಂಟು. ಏನಾದ್ರೂ ಹರಕೆ ಹೊತ್ತುಕೊಳ್ಳುವುದೇ ಒಳ್ಳೇದು.”

ನಾದಿನಿಯೂ ತಾಯಿಯ ಪಕ್ಕ ಕೂತು, “ಹೌದವಾ, ಮನಸ್ಸಿಗೆ ನೆಮ್ಮದಿ ಇರ್ತೈತಿ” ಎಂದಳು. ನಾನು ಬಾಯಿ ಬಿಗಿ ಹಿಡಿದೆ. ಬೆಲೆ ಕೊನೆಗೆ ಎದುರಿನವರ ಬಾಯಿಂದಲೇ ಬರಬೇಕು. ನಾವು ಹೇಳಿದ ಬೆಲೆಯನ್ನು ಜನ ಮರೆಯುತ್ತಾರೆ, ತಾವು ಹೇಳಿದ್ದಕ್ಕೆ ನಿಲ್ಲುತ್ತಾರೆ. ಅತ್ತೆ ಕೈಯ ಹಿಟ್ಟನ್ನು ಉಜ್ಜಿ ಉಜ್ಜಿ ತೆಗೆದರು.

“ತಿಂಗಳಿಗೊಮ್ಮಿ ಶುದ್ಧ ಪಂಚಮಿ ಬರ್ತೈತಲ್ಲ. ಅವತ್ತ ಹಂಚು ಇಡೂದಿಲ್ಲ. ನಾನೂ ಇಡೂದಿಲ್ಲ, ನೀನೂ ಇಡೂದಿಲ್ಲ.”

“ಆತ್ರಿ ಅತ್ತೀ!” ಎಂದೆ. ಕುಣಿಯಬೇಕೆನಿಸಿತು.

“ತಡಿ. ನನ್ನ ಮಾತ ಇನ್ನೂ ಮುಗದಿಲ್ಲ.” ಕಣ್ಣು ಒರೆಸಿಕೊಂಡ ಅವರ ಮುಖದಲ್ಲಿ ಏನೋ ಹೊಸದು ಕಂಡಿತು. “ನೀ ದೇವರ ಕೂಡಾನೂ ವ್ಯಾಪಾರ ಮಾಡಾಕಿ, ನನಗ ತಿಳಿಯೂದಿಲ್ಲ ಅಂದ್ಕೊಂಡೀಯೇನು? ಆಕಿ ಕಾಲ ತುಳದದ್ದೂ ಕಂಡೀನಿ. ಆಗ್ಲಿ. ಆದ್ರ ನಾ ಹಂಚು ಬಿಟ್ಟ ದಿನ ನೀ ಅಂಗಡಿ ಬಿಡಬೇಕು. ನಾ ಒಬ್ಬಾಕೀನ ಮನ್ಯಾಗ ಸುಮ್ಮನ ಕುಂತು ಗ್ವಾಡಿ ನೋಡ್ಲೇನು?”

ಅಂಗಡಿ ಮುಚ್ಚುವುದೇ? ಮಾರ್ಕೆಟ್ಟಿನಲ್ಲಿ ಅಂಗಡಿ ಮುಚ್ಚಿದ ದಿನ ಗಿರಾಕಿ ಎದುರಿನ ಅಂಗಡಿಯ ಮೆಟ್ಟಿಲು ಹತ್ತುತ್ತಾಳೆ. ಒಂದು ಸಲ ಹತ್ತಿದವಳು ಮತ್ತೆ ಇತ್ತ ಬರುವುದು ಸುಲಭವಲ್ಲ. ನಾನು ಅರ್ಧ ದಿನಕ್ಕೆ ಇಳಿಸಲು ನೋಡಿದೆ. ಅವರು ಹಂಚಿನ ಹಿಡಿಗೆ ಕೈ ಹಾಕಿ, “ಹಂಗಾರ ನಾನೂ ಅರ್ಧ ದಿನ ಇಡ್ತೀನಿ” ಎಂದರು. ಗಂಡ, ನಾದಿನಿ, ಅಕ್ಕ ಮೂವರೂ ನನ್ನ ಮುಖವನ್ನೇ ನೋಡುತ್ತಿದ್ದರು. ಒಪ್ಪಿಕೊಂಡೆ. ಬೇರೆ ದಾರಿ ಇರಲಿಲ್ಲ.

ಒಪ್ಪಂದ ಕುದುರಿದ ಮೇಲೆ, ಆ ಬೇಡವಾದ ರೊಟ್ಟಿಯನ್ನು ಅಕ್ಕ ಸುರುಳಿ ಸುತ್ತಿ, “ನಮಗೆ ನಿಯಮ ಇಲ್ಲವಲ್ಲ” ಎಂದು ಶೇಂಗಾ ಹಿಂಡಿಯ ಜೊತೆ ಮನೆಗೆ ಒಯ್ದಳು. ಗಂಡ ಬಾಗಿಲ ತನಕ ಅದನ್ನು ಕಣ್ಣಲ್ಲೇ ಬೀಳ್ಕೊಟ್ಟರು. ಮಣ್ಣಿನ ನಾಗಪ್ಪನಿಗೆ ಹಾಲೆರೆಯುವಾಗ ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು ಎಂದು ಒಂದೊಂದೇ ಹೇಳುವುದು ನಮ್ಮ ರೂಢಿ. ಅತ್ತೆ ಎಲ್ಲರ ಪಾಲು ಮುಗಿಸಿ, ಕೊನೆಯಲ್ಲಿ ಇನ್ನೊಂದು ಚಮಚ ಹಾಲು ಎರೆದು, ಮೆಲ್ಲಗೆ “ಇದು ಹಂಚಿನ ಪಾಲು” ಎಂದರು.

ಅಂದಿನ ಜೋಕಾಲಿಯನ್ನು ನೆನೆದರೆ ಈಗಲೂ ಮೈ ಜುಂ ಎನ್ನುತ್ತದೆ. ಹೊರಗೆ ಧೋ ಎಂದು ಮಳೆ, ಒಳಗೆ ಪಾರ್ಕಿಂಗಿನಲ್ಲಿ ಕಟ್ಟಡದ ಅಷ್ಟೂ ಹೆಂಗಸರು. ಮಾತು ಕೊಟ್ಟಂತೆ ಮೊದಲ ಜೀಕು ಸೆಕ್ರೆಟರಿಯ ತಾಯಿಯದು. ಆಮೇಲೆ ನಾದಿನಿ ಹೊಸ ಸೀರೆಯ ಕಚ್ಚೆ ಬಿಗಿದು ನಿಂತೇ ಜೀಕಿದಳು. ಸೆಕ್ರೆಟರಿ ‘ಬಸ್, ಬಸ್’ ಎಂದು ಕೆಳಗೆ ಓಡಾಡಿದ್ದು ಯಾರಿಗೂ ಕೇಳಿಸಲಿಲ್ಲ. ಅತ್ತೆ ಬೇಡ ಬೇಡ ಎನ್ನುತ್ತಲೇ ಹಲಗೆಯ ಮೇಲೆ ಕೂತು, ಎರಡೂ ಕೈಯಲ್ಲಿ ಹಗ್ಗ ಹಿಡಿದರು. ನಾನೂ ಅಕ್ಕನೂ ಮೆಲ್ಲಗೆ ನೂಕಿದೆವು.

“ಇದೇನ ಕೂಸಿನ ತೊಟ್ಟಿಲೇನ? ಜೋರ ನೂಕ್ರೆ!” ಎಂದು ಮೇಲಿನಿಂದ ಬೈಗುಳ ಬಂತು.

ಮುಂದಿನ ತಿಂಗಳ ಪಂಚಮಿಗೆ ಅನ್ನ, ಸಾರು, ಹಬೆಯ ಕಡಬು. ಅಂಗಡಿಯ ಷಟರ್ ಕೆಳಗಿಳಿಸಿ, ನಾವಿಬ್ಬರೂ ವಾಶಿಯ ಖಾಡಿಗೆ, ಆ ಉಪ್ಪು ಹಿನ್ನೀರಿನ ದಂಡೆಗೆ ಹೋಗಿ ಕೂತೆವು. ಅದರ ಮುಂದಿನ ತಿಂಗಳು ಲೋಕಲ್ ಹಿಡಿದು ಠಾಣೆಗೆ. ಇನ್ನೊಮ್ಮೆ ಅಲ್ಲಿ ಗಾಡಿ ಬದಲಿಸಿ ದಿವಾಕ್ಕೆ, ಮಗಳ ಮನೆಗೆ. ತಿಂಗಳಿಗೊಂದು ದಿನದಿಂದ ಭುಜ ವಾಸಿಯಾಗುವುದಿಲ್ಲ ಎಂಬುದು ನನಗೂ ಗೊತ್ತಿತ್ತು. ಆದರೆ ತುಂಬಿದ ಲೋಕಲ್‌ನಲ್ಲಿ ಮೊದಲು ಒಂದು ಕಾಲು ಊರಲು ಜಾಗ ಸಿಕ್ಕರೆ ಸಾಕು, ಉಳಿದ ಮೈ ತಾನಾಗಿ ಒಳಗೆ ಹೋಗುತ್ತದೆ. ಹಂಚು ಇಡದ ದಿನವೂ ಮಗ ಉಪವಾಸ ಬೀಳಲಿಲ್ಲ, ಮಾರ್ಕೆಟ್ಟಿನವರು ಅನ್ನವನ್ನೂ ಹಂಚಿಕೊಂಡು ತಿಂದರು ಎಂಬುದು ಅತ್ತೆಗೆ ಮನದಟ್ಟಾಯಿತು. ದೀಪಾವಳಿ ಕಳೆಯುವಷ್ಟರಲ್ಲಿ, ಊರಿಂದ ಬಂದವರ ಕೈಯಲ್ಲಿ ಕಡಕ್ ರೊಟ್ಟಿಯ ಒಂದು ಪೆಟ್ಟಿಗೆ ತರಿಸಲು ಅವರೇ ಹೇಳಿದರು. ನನ್ನ ಚಪ್ಪಲಿ ರೊಟ್ಟಿಗೂ ವಾರದಲ್ಲಿ ಎರಡು ಸಲ ಹಂಚು ಬಿಟ್ಟುಕೊಟ್ಟರು, ಪಕ್ಕದಲ್ಲೇ ನಿಂತು ತಪ್ಪು ಹುಡುಕಿ ಹೆಸರಿಡುತ್ತ. ಚಳಿಗಾಲದಲ್ಲಿ ಒಂದು ದಿನ ಬೆಳಿಗ್ಗೆ ತುರುಬನ್ನು ತಾವೇ ಕಟ್ಟಿಕೊಂಡು ಹೊರಬಂದರು. ಒಂದು ಕಡೆಗೆ ವಾಲಿತ್ತು. ನಾನು ಬಾಚಣಿಗೆ ಎತ್ತಿಟ್ಟೆ.

ಅದಾಗಿ ಸ್ವಲ್ಪ ದಿನಕ್ಕೆ, ನಾನು ಅಂಗಡಿಗೆ ಹೊರಟು ನಿಂತಿದ್ದೆ. ಅಡುಗೆಮನೆಯಲ್ಲಿ ಸದ್ದಿಲ್ಲ. ಅತ್ತೆ ಚೆಂದದ ಸೀರೆ ಉಟ್ಟು, ಕ್ಯಾಲೆಂಡರಿನ ಮುಂದೆ ನಿಂತಿದ್ದರು.

“ಇವತ್ತ ಪಂಚಮಿ” ಎಂದರು.

“ಶುದ್ಧ ಪಂಚಮಿ ಹೋದ ಪಕ್ಷದಾಗ ಆತಲ್ರೀ ಅತ್ತೀ. ಅವತ್ತ ವಾಶಿಗೆ ಹೋಗಿದ್ವಿ.”

“ಇದು ಬಹುಳ ಪಂಚಮಿ. ಯಾಕ, ಬಹುಳದಾಗ ನಾಗಪ್ಪಗ ಹೆಡಿ ಇರೂದಿಲ್ಲೇನು?”

ಗಂಡ ಕೈಯಲ್ಲಿ ಖಾಲಿ ಡಬ್ಬಿ ಹಿಡಿದು ನಿಂತಿದ್ದರು. “ಹಂಗಾರ ನಾ ಏನ ತಿನ್ಲಿಬೇ?”

“ಮಾರ್ಕೆಟ್ಟಿನಾಗ ವಡಾಪಾವ್ ಸಿಗೂದಿಲ್ಲೇನಪ್ಪಾ?”

ಅಂದು ಮದುವೆ ಸೀರೆಗೆಂದು ಕಲ್ಯಾಣದಿಂದ ದೊಡ್ಡ ಗಿರಾಕಿಯೊಬ್ಬರು ಅಂಗಡಿಗೆ ಬರುವವರಿದ್ದರು. ಅವರಿಗೆ ನಾಳೆ ಬರಲು ಹೇಗೆ ಹೇಳಲಿ, ಏನು ಕೊಟ್ಟು ಒಪ್ಪಿಸಲಿ ಎಂದು ನಾನು ಯೋಚಿಸುವಷ್ಟರಲ್ಲಿ ಅತ್ತೆ ಮೆಟ್ಟಿಲಿಳಿದು, ಕೆಳಗಿನ ಮನೆಯ ಅಕ್ಕನನ್ನೂ ಹೊರಡಿಸಲು ಬಾಗಿಲು ಬಡಿಯುತ್ತಿದ್ದರು.